ನೂರು ವರ್ಷ ಬಿಡದೇ ಇದ್ದದ್ದನ್ನ 1943ರಲ್ಲೇ ಯಾಕೆ ಬಿಟ್ಟುಕೊಟ್ರು?

ಪ್ರಶ್ನೆ: ಸರ್, ನಾನು ಇತಿಹಾಸ ಎಂ.ಎ. ಓದ್ತಾ ಇದ್ದೀನಿ. ಎರಡನೇ ಮಹಾಯುದ್ಧ ನಡೀತಿರುವಾಗ್ಲೇ, 1943ರಲ್ಲಿ, ಅಮೆರಿಕ ಮತ್ತು ಬ್ರಿಟನ್ ಚೀನಾದಲ್ಲಿ ತಮ್ಮ ಪ್ರಜೆಗಳಿಗಿದ್ದ ಕಾನೂನು ವಿನಾಯಿತಿಯನ್ನ ಬಿಟ್ಟುಕೊಟ್ವು ಅಂತ ಪಠ್ಯದಲ್ಲಿ ಒಂದೇ ಸಾಲು ಇದೆ. ಆಗ ಚೀನಾ ಸೋಲ್ತಾ ಇತ್ತು, ಅರ್ಧ ದೇಶ ಜಪಾನ್ ಕೈಲಿತ್ತು. ನೂರು ವರ್ಷ ಬಿಡದೇ ಇದ್ದದ್ದನ್ನ ಸೋಲ್ತಿರೋ ದೇಶಕ್ಕೆ ಯಾಕೆ ಕೊಟ್ರು? ಇದನ್ನ ಆಗಿನ ಚೀನಾ ನಾಯಕ ಚಿಯಾಂಗ್ ಕೈ-ಷೆಕ್ ಗೆಲುವು ಅನ್ನಬಹುದಾ? ಹಾಗಿದ್ರೆ ಹಾಂಗ್ ಕಾಂಗ್ ಯಾಕೆ ಆಗ್ಲೇ ವಾಪಸ್ ಬರ್ಲಿಲ್ಲ?

ಉತ್ತರ: ಒಳ್ಳೆ ಪ್ರಶ್ನೆ, ಆದ್ರೆ ಅದ್ರಲ್ಲಿ ಒಂದು ತಿದ್ದುಪಡಿ ಬೇಕು. ಆಗ ಸೋಲ್ತಾ ಇದ್ದದ್ದು ಚೀನಾ ಒಂದೇ ಅಲ್ಲ. 1941ರ ಡಿಸೆಂಬರ್ 25ಕ್ಕೆ ಹಾಂಗ್ ಕಾಂಗ್ ಬಿತ್ತು, 1942ರ ಫೆಬ್ರವರಿ 15ಕ್ಕೆ ಸಿಂಗಾಪುರ, ಮಾರ್ಚ್‌ನಲ್ಲಿ ರಂಗೂನ್, ಏಪ್ರಿಲ್ ಕೊನೆಗೆ ಲಾಷಿಯೋನೂ ಹೋಗಿ ಚೀನಾಕ್ಕೆ ಸಾಮಾನು ಸಾಗಿಸ್ತಿದ್ದ ಬರ್ಮಾ ರೋಡೇ ಕಟ್ ಆಯ್ತು. ಏಷ್ಯಾದಲ್ಲಿ ಬ್ರಿಟನ್, ಅಮೆರಿಕ ಎರಡೂ ಒಂದರ ಮೇಲೊಂದು ಏಟು ತಿಂತಿದ್ವು, ಜಪಾನಿನ ಲಕ್ಷಾಂತರ ಸೈನಿಕರನ್ನ ಒಂದೇ ಕಡೆ ಕಟ್ಟಿಹಾಕ್ಕೊಂಡು ನಿಂತಿದ್ದು ಚೀನಾ. ಅದೇನಾದ್ರೂ ಕೈ ಚೆಲ್ಲಿ ಜಪಾನ್ ಜೊತೆ ರಾಜಿ ಮಾಡ್ಕೊಂಡ್ರೆ ಗತಿ ಏನು ಅನ್ನೋ ಭಯ ವಾಷಿಂಗ್ಟನ್‌ನಲ್ಲಿ ನಿಜವಾಗ್ಲೂ ಇತ್ತು. ಇನ್ನೊಂದು ವಿಷಯ, ನನ್ನ ಪ್ರಕಾರ ಇದೇ ಮುಖ್ಯವಾದದ್ದು: ಅವರು 1943ರಲ್ಲಿ ಬಿಟ್ಟುಕೊಟ್ಟದ್ದು ಆ ಹೊತ್ತಿಗೆ ಅವರ ಕೈಲಿ ಇರ್ಲೇ ಇಲ್ಲ. ಕೈಲಿ ಇದ್ದದ್ದನ್ನ, ಅಥವಾ ಮುಂದೆ ಬೇಕೇ ಬೇಕು ಅಂತ ಇದ್ದದ್ದನ್ನ, ಬಿಡ್ಲಿಲ್ಲ. ಹಾಂಗ್ ಕಾಂಗ್ ಕಥೆಗೂ ಉತ್ತರ ಅಲ್ಲೇ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಈ ವಿನಾಯಿತಿ ಅಂದ್ರೆ ಏನು ಅಂತ ನೋಡೋಣ, ಪಠ್ಯದಲ್ಲಿ ಇದನ್ನ ಯಾರೂ ಬಿಡಿಸಿ ಹೇಳಲ್ಲ. ಎಕ್ಸ್‌ಟ್ರಾಟೆರಿಟೋರಿಯಾಲಿಟಿ ಅಂತ ಉದ್ದದ ಹೆಸರು, ಶಾಂಘೈನಲ್ಲಿದ್ದ ಬಿಳಿಯರು ಚುಟುಕಾಗಿ ಎಕ್ಸ್‌ಟ್ರಾಲಿಟಿ ಅಂತಿದ್ರು, ನಾನೂ ಹಾಗೇ ಬರೀತೀನಿ. ಚೀನಾದ ನೆಲದಲ್ಲಿ ನಿಂತು ತಪ್ಪು ಮಾಡಿದ್ರೂ ಚೀನಾದ ಕೋರ್ಟು ನಿಮ್ಮನ್ನ ಮುಟ್ಟೋ ಹಾಗಿಲ್ಲ, ಅಲ್ಲಿರೋ ನಿಮ್ಮ ದೇಶದ ಸರ್ಕಾರಿ ಪ್ರತಿನಿಧಿ, ಅಂದ್ರೆ ಕಾನ್ಸಲ್ಲೇ ವಿಚಾರಣೆ ಮಾಡ್ಬೇಕು, ನಿಮ್ಮ ದೇಶದ ಕಾನೂನಿನ ಪ್ರಕಾರವೇ ಮಾಡ್ಬೇಕು, ಅಷ್ಟೇ.

ಇದು ಶುರುವಾದದ್ದಕ್ಕೆ ಒಂದು ಹಿನ್ನೆಲೆ ಇದೆ. 1784ರಲ್ಲಿ ಕ್ಯಾಂಟನ್ ಹತ್ರ ಲೇಡಿ ಹ್ಯೂಸ್ ಅನ್ನೋ ಬ್ರಿಟಿಷ್ ಹಡಗು ಸಲಾಮಿ ತೋಪು ಹಾರಿಸ್ತು, ಪಕ್ಕದಲ್ಲಿದ್ದ ದೋಣಿಗೆ ಬಡಿದು ಇಬ್ರು ಚೀನೀಯರು ಸತ್ರು. ಆಕಸ್ಮಿಕ ಅಂತ ಇಂಗ್ಲಿಷರು, ತೋಪು ಹಾರಿಸಿದವನನ್ನ ಒಪ್ಪಿಸಿ ಅಂತ ಚೀನೀ ಅಧಿಕಾರಿಗಳು. ಹಡಗಿನ ವ್ಯಾಪಾರ ನೋಡ್ಕೊಳ್ತಿದ್ದವನನ್ನ ಹಿಡಿದಿಟ್ಕೊಂಡ್ರು, ವ್ಯಾಪಾರ ನಿಲ್ಲಿಸಿದ್ರು, ಕೊನೆಗೆ ಗತ್ಯಂತರ ಇಲ್ದೆ ಆ ಗನ್ನರ್‌ನ ಒಪ್ಪಿಸಿದ್ರು, 1785ರ ಜನವರಿಯಲ್ಲಿ ಕತ್ತು ಬಿಗಿದು ಕೊಂದ್ರು. ಆಮೇಲೆ ಬ್ರಿಟಿಷರು ಒಬ್ಬನನ್ನೂ ಒಪ್ಪಿಸಲ್ಲ ಅಂತ ಹಠ ಹಿಡಿದ್ರು. ಸತ್ತ ಆ ಇಬ್ರು ದೋಣಿಯವರ ಬಗ್ಗೆ ಇಂಗ್ಲಿಷ್ ಬರಹಗಳಲ್ಲಿ ಒಂದು ವಾಕ್ಯ ಸಿಕ್ಕಿದ್ರೆ ಪುಣ್ಯ, ಗನ್ನರ್‌ಗಾದ ಅನ್ಯಾಯದ ಬಗ್ಗೆ ಮಾತ್ರ ಪುಟಗಟ್ಟಲೆ ಇದೆ.

ಅಫೀಮು ವ್ಯಾಪಾರದ ಜಗಳದಿಂದ ಚೀನಾ ಜೊತೆ ಶುರುವಾದ ಅಫೀಮು ಯುದ್ಧದಲ್ಲಿ ಬ್ರಿಟಿಷರು ಗೆದ್ದ ಮೇಲೆ ಆ ಹಠ ಕಾನೂನೇ ಆಗೋಯ್ತು. ಆ ಯುದ್ಧ ಮುಗಿಸಿದ 1842ರ ನಾನ್‌ಕಿಂಗ್ ಒಪ್ಪಂದದಲ್ಲಿ ಇದು ಇರ್ಲಿಲ್ಲ, ತುಂಬಾ ಜನ ಇಲ್ಲೇ ತಪ್ಪು ಬರೀತಾರೆ, ಇದು ಬಂದದ್ದು 1843ರ ಪೂರಕ ವ್ಯವಸ್ಥೆಯಲ್ಲಿ. 1844ರಲ್ಲಿ ಮಕಾವ್ ಪಕ್ಕದ ವಾಂಗ್‌ಷಿಯಾದಲ್ಲಿ ಅಮೆರಿಕದ ಕೇಲೆಬ್ ಕುಷಿಂಗ್ ಮಾಡ್ಕೊಂಡ ಒಪ್ಪಂದದಲ್ಲಿ ಇನ್ನೂ ಬಿಗಿಯಾಗಿ, ಇನ್ನೂ ಅಗಲವಾಗಿ ಬಂತು. ಒಬ್ಬರಿಗೆ ಕೊಟ್ಟದ್ದು ಎಲ್ಲರಿಗೂ ಸಿಗಬೇಕು ಅನ್ನೋ ಷರತ್ತು ಬೇರೆ ಇತ್ತಲ್ಲ, ಹಾಗಾಗಿ ಹದಿನೈದಕ್ಕೂ ಹೆಚ್ಚು ದೇಶಗಳು ಸಾಲಾಗಿ ಬಂದು ಸೇರ್ಕೊಂಡ್ವು. ಅಂದ ಹಾಗೆ ಆ ಮೊದಲ ಅಫೀಮು ಯುದ್ಧಕ್ಕೆ ಹೋದ ಸೈನ್ಯದಲ್ಲಿ ನಮ್ಮ ಬೆಂಗಳೂರಲ್ಲಿ ನೆಲೆ ಇರೋ ಮದ್ರಾಸ್ ಸ್ಯಾಪರ್ಸ್‌ನವರೂ ಇದ್ರು, 1900ರಲ್ಲಿ ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆ ಅಡಗಿಸೋಕೂ ಹೋಗಿದ್ರು.

ಇದು ದಿನನಿತ್ಯ ಹೇಗೆ ನಡೀತಿತ್ತು ಅಂತ ಗೊತ್ತಾದ್ರೆ ಚೀನೀಯರ ಸಿಟ್ಟು ಅರ್ಥ ಆಗತ್ತೆ. ಶಾಂಘೈನಲ್ಲಿ ಒಬ್ಬ ಅಮೆರಿಕನ್ ಒಬ್ಬ ಚೀನೀ ವ್ಯಾಪಾರಿಗೆ ಟೋಪಿ ಹಾಕಿದ ಅಂತಿಟ್ಕೊಳ್ಳಿ. ವ್ಯಾಪಾರಿ ತನ್ನ ಊರಲ್ಲೇ ಇದ್ದಾನೆ, ಆದ್ರೆ ಕೇಸು ಹಾಕ್ಬೇಕಾದದ್ದು ಅಮೆರಿಕದ ಕೋರ್ಟಲ್ಲಿ. 1906ರಿಂದ ಅದಕ್ಕೆ ಅಂತಾನೇ ಶಾಂಘೈನಲ್ಲಿ ಯುನೈಟೆಡ್ ಸ್ಟೇಟ್ಸ್ ಕೋರ್ಟ್ ಫಾರ್ ಚೈನಾ ಅಂತ ಒಂದಿತ್ತು, ಅಲ್ಲಿ ಕೂತಿದ್ದ ಜಡ್ಜು ವಾಷಿಂಗ್ಟನ್ ನಗರಕ್ಕೆ ಮಾಡಿದ ಕಾನೂನು, ಅಲಾಸ್ಕಾಗೆ ಮಾಡಿದ ಕಾನೂನು, ಇವನ್ನೆಲ್ಲ ತಂದು ಅನ್ವಯಿಸ್ತಿದ್ದ, ಅಲಾಸ್ಕಾ ಅಂದ್ರೆ ಆ ವ್ಯಾಪಾರಿಗೆ ಯಾವ ದಿಕ್ಕಲ್ಲಿದೆ ಅಂತಾನೂ ಗೊತ್ತಿರ್ತಿರ್ಲಿಲ್ಲ. ತೀರ್ಪು ಒಪ್ಪಿಗೆ ಆಗ್ಲಿಲ್ವಾ, ಅಪೀಲು ಸ್ಯಾನ್ ಫ್ರಾನ್ಸಿಸ್ಕೋಗೆ. ಆರೋಪಿ ಇಂಗ್ಲಿಷಿನವನಾಗಿದ್ರೆ ಬ್ರಿಟಿಷರ ಬೇರೆ ಕೋರ್ಟು, 1865ರದ್ದು, ಅಪೀಲು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ.

ಇದೆಲ್ಲ ಎಲ್ಲೋ ದೂರದ ಕಥೆ ಅಂದ್ಕೋಬೇಡಿ. 1881ರಲ್ಲಿ ಮೈಸೂರು ಸಂಸ್ಥಾನವನ್ನ ಒಡೆಯರಿಗೆ ವಾಪಸ್ ಕೊಟ್ಟಾಗ್ಲೂ ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಅಧಿಕಾರವನ್ನ ಬ್ರಿಟಿಷರು ತಮ್ಮ ಹತ್ರಾನೇ ಇಟ್ಕೊಂಡಿದ್ರು, ಮಹಾರಾಜರಿಗೆ ಅವರು ಎಷ್ಟು ಕೊಟ್ರೆ ಅಷ್ಟೇ. ಬೆಂಗಳೂರಿನ ದಂಡು ಪ್ರದೇಶವಂತೂ ಮೈಸೂರಿನ ನೆಲದ ಮಧ್ಯೆ ಇದ್ರೂ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟರ ಆಡಳಿತ, ರೆಸಿಡೆಂಟರ ಕೋರ್ಟು. ಪೇಟೆ ಬೆಂಗಳೂರಿನಿಂದ ದಂಡಿಗೆ ಕಾಲಿಟ್ರೆ ಸರ್ಕಾರವೇ ಬದಲಾಗ್ತಿತ್ತು, ಅದು ಮೈಸೂರಿಗೆ ವಾಪಸ್ ಬಂದದ್ದು 1947ರಲ್ಲಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ. ಆದ್ರೆ ಒಂದು ವ್ಯತ್ಯಾಸ ಇದೆ, ಮೈಸೂರು ಬ್ರಿಟಿಷರ ಸಾರ್ವಭೌಮತ್ವ ಒಪ್ಪಿಕೊಂಡಿದ್ದ ಸಂಸ್ಥಾನ, ಚೀನಾ ಸ್ವತಂತ್ರ ದೇಶ ಅನ್ನಿಸ್ಕೊಂಡೇ ಇದನ್ನೆಲ್ಲ ಅನುಭವಿಸ್ತು.

ಸರಿ, ಬಿಡಿಸಿಕೊಳ್ಳೋಕೆ ಚೀನಾ ಪ್ರಯತ್ನವೇ ಮಾಡ್ಲಿಲ್ವಾ ಅಂದ್ರೆ, ತುಂಬಾ ಮಾಡ್ತು. 1902ರಲ್ಲಿ ಬ್ರಿಟನ್, 1903ರಲ್ಲಿ ಅಮೆರಿಕ ಒಪ್ಪಂದದಲ್ಲೇ ಬರ್ಕೊಟ್ವು: ನಿಮ್ಮ ಕಾನೂನು, ನಿಮ್ಮ ಕೋರ್ಟು ಸುಧಾರಿಸಿದೆ ಅಂತ ನಮಗೆ ಸಮಾಧಾನ ಆದ ದಿನ ಬಿಡ್ತೀವಿ. ಸಮಾಧಾನ ಆಯ್ತೋ ಇಲ್ವೋ ಅಂತ ಹೇಳೋರು ಅವರೇ! ದೊಡ್ಡ ದೇಶಗಳು ಸೇರಿದ್ದ 1921-22ರ ವಾಷಿಂಗ್ಟನ್ ಸಮ್ಮೇಳನದ ತೀರ್ಮಾನದ ಪ್ರಕಾರ 1926ರಲ್ಲಿ ಒಂದು ಆಯೋಗ ಪೀಕಿಂಗ್‌ಗೆ ಬಂದು ಜೈಲು, ಕೋರ್ಟು ಎಲ್ಲ ನೋಡಿ, ಇನ್ನೂ ಸಮಯ ಬಂದಿಲ್ಲ ಅಂತ ವರದಿ ಕೊಟ್ಟು ಹೋಯ್ತು. ನಿಜ ಹೇಳ್ಬೇಕಂದ್ರೆ ಆಗ ಚೀನಾದಲ್ಲಿ ಯುದ್ಧಕೋರ ದಂಡನಾಯಕರ ಕಾಲ, ಕೋರ್ಟುಗಳ ಸ್ಥಿತಿ ಚೆನ್ನಾಗೇನೂ ಇರ್ಲಿಲ್ಲ, ಆ ವರದಿಯಲ್ಲಿ ಎಲ್ಲಾನೂ ಸುಳ್ಳು ಅಂತ ನಾನು ಹೇಳಲ್ಲ.

ಹಾಗಿದ್ರೂ ಯಾರಾದ್ರೂ ಇದನ್ನ ಕಳ್ಕೊಂಡಿದ್ರಾ? ಜರ್ಮನಿ, ಆಸ್ಟ್ರಿಯಾ ಕಳ್ಕೊಂಡ್ವು, 1917ರಲ್ಲಿ ಚೀನಾ ಅವುಗಳ ಮೇಲೆ ಯುದ್ಧ ಸಾರಿ ಒಪ್ಪಂದಗಳನ್ನ ರದ್ದು ಮಾಡ್ತು. ರಷ್ಯಾದವರು ಕ್ರಾಂತಿ ಆದ್ಮೇಲೆ ತಾವೇ ಬಿಟ್ರು, 1924ರಲ್ಲಿ ಅದು ಒಪ್ಪಂದವಾಗಿ ಬಂತು. ಅಂದ್ರೆ ಚೀನಾ ಆಗ್ಲೇ ಒಂದು ಪಾಠ ಕಲಿತಿತ್ತು, ಕೋರ್ಟು ಸುಧಾರಿಸಿ ಕಾಯೋದಕ್ಕಿಂತ ಯುದ್ಧದಲ್ಲಿ ಸರಿಯಾದ ಕಡೆ ನಿಂತ್ರೆ ಬೇಗ ಕೆಲಸ ಆಗತ್ತೆ ಅಂತ.

ಜನರ ಸಿಟ್ಟು ಬೀದಿಗೆ ಬಂದದ್ದು 1925ರ ಮೇ 30ಕ್ಕೆ. ಶಾಂಘೈನಲ್ಲಿ ವಿದೇಶಿಯರೇ ಆಡಳಿತ ನಡೆಸ್ತಿದ್ದ ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟ್ ಅನ್ನೋ ಭಾಗದ ನಾನ್‌ಕಿಂಗ್ ರೋಡ್, ಲೌಜಾ ಪೊಲೀಸ್ ಸ್ಟೇಷನ್ ಮುಂದೆ. ಜಪಾನೀಯರ ಹತ್ತಿ ಗಿರಣಿಯಲ್ಲಿ ಒಬ್ಬ ಕಾರ್ಮಿಕನನ್ನ ಗುಂಡಿಟ್ಟು ಕೊಂದಿದ್ರು, ಅದನ್ನ ಪ್ರತಿಭಟಿಸಿದ ವಿದ್ಯಾರ್ಥಿಗಳನ್ನ ಹಿಡಿದು ಸ್ಟೇಷನ್ನಿಗೆ ಹಾಕಿದ್ರು, ಅವರನ್ನ ಬಿಡಿ ಅಂತ ಗುಂಪು ಸೇರ್ತು, ಇನ್ಸ್‌ಪೆಕ್ಟರ್ ಎವರ್ಸನ್ ಅನ್ನೋ ಇಂಗ್ಲಿಷಿನವನು ಫೈರಿಂಗ್ ಆರ್ಡರ್ ಕೊಟ್ಟ, ಹತ್ತಕ್ಕೂ ಹೆಚ್ಚು ಜನ ಸತ್ರು. ಬಂದೂಕು ಹಿಡಿದಿದ್ದವರು ಯಾರು ಗೊತ್ತಾ, ಚೀನೀ ಪೇದೆಗಳು ಮತ್ತು ಪಂಜಾಬಿನಿಂದ ಹೋದ ಸಿಖ್ ಪೇದೆಗಳು. ಊರು ಚೀನಾದ್ದು, ಗಿರಣಿ ಜಪಾನಿನದ್ದು, ಆರ್ಡರ್ ಇಂಗ್ಲಿಷಿನವನದ್ದು, ಗುಂಡು ಹಾರಿಸಿದವರಲ್ಲಿ ನಮ್ಮವರು. ಚೀನಾದ ಯಾವ ಕೋರ್ಟಿಗೂ ಆ ಇನ್ಸ್‌ಪೆಕ್ಟರ್‌ನ ಕರೆಸೋ ಅಧಿಕಾರ ಇರ್ಲಿಲ್ಲ.

ಆಮೇಲೆ ಚಿಯಾಂಗ್ ಸರ್ಕಾರ ನಾನ್‌ಕಿಂಗ್‌ನಲ್ಲಿ ಗಟ್ಟಿಯಾದ್ಮೇಲೆ 1929ರ ಕೊನೆಗೆ, 1930ರ ಜನವರಿ 1ರಿಂದ ಎಕ್ಸ್‌ಟ್ರಾಲಿಟಿ ರದ್ದು ಅಂತ ತಾನೇ ಘೋಷಿಸಿಬಿಡ್ತು. ಯಾರೂ ಕ್ಯಾರೇ ಅನ್ನಲಿಲ್ಲ, ಆದ್ರೂ ಮಾತುಕತೆ ಶುರುವಾಯ್ತು, 1931ರಲ್ಲಿ ಬಹಳ ಹತ್ರಕ್ಕೆ ಬಂದಿತ್ತು ಕೂಡ, ಅಷ್ಟರಲ್ಲಿ ಸೆಪ್ಟೆಂಬರ್ 18ಕ್ಕೆ ಜಪಾನ್ ಮಂಚೂರಿಯಾಕ್ಕೆ ನುಗ್ತು, ಚೀನಾಕ್ಕೆ ಪಾಶ್ಚಾತ್ಯರ ಸ್ನೇಹ ಬೇಕಾಯ್ತು, ಫೈಲು ಮುಚ್ತು. ಹತ್ತು ವರ್ಷ ಹಾಗೇ ಬಿದ್ದಿತ್ತು.

1940ರ ಜುಲೈ 18ಕ್ಕೆ ಚರ್ಚಿಲ್ ಪಾರ್ಲಿಮೆಂಟಲ್ಲಿ ಹೇಳಿದ ಮಾತಂತೂ ನನಗೆ ಮರೆಯೋಕಾಗಲ್ಲ. ಯುದ್ಧ ಮುಗಿದು ಶಾಂತಿ ಬಂದ ಮೇಲೆ ಈ ಹಕ್ಕುಗಳ ರದ್ದತಿ ಬಗ್ಗೆ ಮಾತಾಡೋಕೆ ನಾವು ತಯಾರು ಅಂದ್ರು. ಯಾವ ಸಂದರ್ಭದಲ್ಲಿ? ಜಪಾನಿನ ಒತ್ತಡಕ್ಕೆ ಮಣಿದು ಬರ್ಮಾ ರೋಡನ್ನ ಮೂರು ತಿಂಗಳು ಮುಚ್ತೀವಿ ಅಂತ ಹೇಳ್ತಾ! ಇವತ್ತು ನಿಮ್ಮ ದಾರಿ ಮುಚ್ತೀವಿ, ಮುಂದೆ ಯಾವಾಗ್ಲೋ ನಿಮ್ಮ ಮರ್ಯಾದೆ ವಾಪಸ್ ಕೊಡ್ತೀವಿ ಅಂದ ಹಾಗಾಯ್ತು. 1941ರ ಮೇನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಕೂಡ ಪತ್ರದಲ್ಲಿ ಇದೇ ಧಾಟಿ, ಶಾಂತಿ ನೆಲೆಸಿದ ಮೇಲೆ ನೋಡೋಣ ಅಂತ.

ಹಾಗಾದ್ರೆ ಆಮೇಲೆ ಅನ್ನೋದು 1942ರಲ್ಲಿ ಈಗ್ಲೇ ಅಂತ ಹೇಗಾಯ್ತು?

1941ರ ಡಿಸೆಂಬರ್ 8ರ ಬೆಳಗಿನ ಜಾವ ಶಾಂಘೈ ನದಿಯಲ್ಲಿ ಎರಡು ಪುಟ್ಟ ಯುದ್ಧನೌಕೆ ಇದ್ವು, ಬ್ರಿಟಿಷರ ಪೀಟರೆಲ್, ಅಮೆರಿಕದ ವೇಕ್. ಚೀನಾದ ನದಿಗಳಲ್ಲಿ ತಮ್ಮ ಯುದ್ಧನೌಕೆ ಇಟ್ಕೊಳ್ಳೋದೂ ಇದೇ ಹಕ್ಕುಗಳ ಗಂಟಿನಲ್ಲಿ ಒಂದು. ಶರಣಾಗಲ್ಲ ಅಂದ ಪೀಟರೆಲ್‌ನ ಜಪಾನೀಯರು ಮುಳುಗಿಸಿದ್ರು, ವೇಕ್‌ನ ಹಾಗೇ ವಶಕ್ಕೆ ತಗೊಂಡ್ರು. ಅದೇ ದಿನ ಜಪಾನೀ ಸೈನ್ಯ ಇಂಟರ್‌ನ್ಯಾಷನಲ್ ಸೆಟ್ಲ್‌ಮೆಂಟ್ ಒಳಗೆ ನಡೀತು. ಬ್ರಿಟಿಷ್, ಅಮೆರಿಕನ್ ಕೋರ್ಟುಗಳ ಬಾಗಿಲು ಬಂದ್. ಅಂದ್ರೆ 1942ರಲ್ಲಿ ಯಾವ ಇಂಗ್ಲಿಷಿನವನಿಗೂ ಶಾಂಘೈನಲ್ಲಿ ಎಕ್ಸ್‌ಟ್ರಾಲಿಟಿ ಅನ್ನೋದು ಕಾಗದದ ಮೇಲಷ್ಟೇ ಉಳಿದಿತ್ತು. 1943ರ ಶುರುವಿನಲ್ಲಂತೂ ಜಪಾನೀಯರು ಆ ಬಿಳಿಯರನ್ನೆಲ್ಲ ಲುಂಗ್‌ಹುವಾ, ವೇಯ್‌ಷಿಯೆನ್ ಥರದ ಕ್ಯಾಂಪುಗಳಿಗೆ ತುಂಬೋಕೆ ಶುರು ಮಾಡಿದ್ರು. ಒಂದು ಶತಮಾನ ಚೀನೀ ಜೈಲಿಗೆ ಹೋಗಲ್ಲ ಅಂದವರ ಮಕ್ಕಳು ಮೊಮ್ಮಕ್ಕಳು ಜಪಾನೀ ಕ್ಯಾಂಪಲ್ಲಿ ಗಂಜಿಗೆ ಕ್ಯೂ ನಿಂತಿದ್ದಾಗ ಅವರ ಹಕ್ಕನ್ನ ಅವರದ್ದೇ ಸರ್ಕಾರ ರದ್ದು ಮಾಡ್ತು.

ಇನ್ನೊಂದು ಕಡೆ ಜಪಾನಿನ ಪ್ರಚಾರ ಏಷ್ಯಾ ಏಷ್ಯಾದವರಿಗೆ ಅಂತ. ನಿಮ್ಮ ಮಿತ್ರರು ಅನ್ನಿಸ್ಕೊಂಡ ಬಿಳಿಯರು ನಿಮ್ಮನ್ನ ಇನ್ನೂ ಕೆಳಗಿನವರ ಥರಾನೇ ನೋಡ್ತಾರೆ ಅಂದ್ರೆ ಅದಕ್ಕೆ ಉತ್ತರ ಕೊಡೋದು ಕಷ್ಟ ಇತ್ತು, ಯಾಕಂದ್ರೆ ಅದು ನಿಜವೇ. ಇದನ್ನ ಚಿಯಾಂಗ್ ಕಡೆಯವರು ಚೆನ್ನಾಗಿ ಬಳಸ್ಕೊಂಡ್ರು. ಬೇಡಿಕೆ ಪತ್ರ ಹಿಡ್ಕೊಂಡು ಬಾಗಿಲು ತಟ್ಟಲಿಲ್ಲ, ಅಮೆರಿಕದ ಸಾರ್ವಜನಿಕ ಅಭಿಪ್ರಾಯದ ಮುಂದೆ ವಿಷಯ ಇಟ್ರು. ಚಿಯಾಂಗ್ ಹೆಂಡತಿ ಸುಂಗ್ ಮೇಯ್-ಲಿಂಗ್ ಅಮೆರಿಕದಲ್ಲೇ ಓದಿದವರು, 1942ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಖಾರವಾಗೇ ಬರೆದ್ರು, ಎಕ್ಸ್‌ಟ್ರಾಲಿಟಿಯನ್ನ ಹೆಸರು ಹಿಡಿದು ಬೈದ್ರು. ಆ ವರ್ಷದ ಫೆಬ್ರವರಿಯಲ್ಲಿ ದಂಪತಿ ಭಾರತಕ್ಕೂ ಬಂದಿದ್ರು, ಕಲ್ಕತ್ತಾದಲ್ಲಿ ಗಾಂಧೀಜಿಯವರನ್ನ ಕಂಡ್ರು, ಹೊರಡುವಾಗ ಭಾರತೀಯರಿಗೆ ನಿಜವಾದ ರಾಜಕೀಯ ಅಧಿಕಾರ ಕೊಡಿ ಅಂತ ಬ್ರಿಟನ್‌ಗೆ ಬಹಿರಂಗವಾಗಿ ಹೇಳಿ ಹೋದ್ರು. ಚರ್ಚಿಲ್‌ಗೆ ಅದು ಸ್ವಲ್ಪವೂ ಹಿಡಿಸ್ಲಿಲ್ಲ.

1942ರ ಮೊದಲರ್ಧದಲ್ಲಿ ಲಂಡನ್, ವಾಷಿಂಗ್ಟನ್ ಎರಡೂ ಕಡೆ ಒಂದು ಅಳುಕಿತ್ತು, ಸೋಲ್ತಿರುವಾಗ ಬಿಟ್ಟುಕೊಟ್ರೆ ಹೆದರಿ ಕೊಟ್ಟ ಹಾಗೆ ಕಾಣತ್ತೆ ಅಂತ. ಜೂನ್‌ನಲ್ಲಿ ಅಮೆರಿಕನ್ನರು ಜಪಾನ್ ನೌಕಾಪಡೆ ಮೇಲೆ ಮಿಡ್‌ವೇ ಕದನ ಗೆದ್ರು, ಆಗಸ್ಟ್ ಕೊನೆಗೆ ಹಲ್ ಮತ್ತೆ ಬ್ರಿಟಿಷರ ಹತ್ರ ವಿಷಯ ತೆಗೆದ್ರು, ಅಕ್ಟೋಬರ್ 10 ಚೀನಾ ಗಣರಾಜ್ಯದ ಹಬ್ಬದ ದಿನ ನೋಡಿ, ಅದಕ್ಕೆ ಸರಿಯಾಗಿ ಹಿಂದಿನ ದಿನ ಇಬ್ರೂ ಚೀನಾಕ್ಕೆ ಸುದ್ದಿ ಕೊಟ್ಟು ಘೋಷಣೆ ಮಾಡಿದ್ರು. ತಾವಾಗೇ ಕೊಟ್ಟ ಹಾಗೆ ಕಾಣ್ಬೇಕಲ್ಲ! ಚೀನಾ ಔಪಚಾರಿಕವಾಗಿ ಕೇಳೋಕೆ ಮುಂಚೆ ಕೊಡ್ಬೇಕು ಅನ್ನೋ ಲೆಕ್ಕ ಅಮೆರಿಕನ್ನರ ಕಡತಗಳಲ್ಲೇ ಕಾಣತ್ತೆ.

ಅಮೆರಿಕದ ಒಪ್ಪಂದ ಹೆಚ್ಚು ತೊಂದರೆ ಇಲ್ಲದೆ ಆಯ್ತು. ಎಂಟು ವಿಧಿ, ಜೊತೆಗೆ ಪತ್ರಗಳ ವಿನಿಮಯ. ಎಕ್ಸ್‌ಟ್ರಾಲಿಟಿ ರದ್ದು, ಬಾಕ್ಸರ್ ದಂಗೆ ಅಡಗಿಸಿದ ಮೇಲೆ ಚೀನಾ ಮೇಲೆ ಹೇರಿದ್ದ 1901ರ ಬಾಕ್ಸರ್ ಪ್ರೋಟೋಕಾಲ್ ರದ್ದು, ಪೀಕಿಂಗ್‌ನ ರಾಯಭಾರಿ ಬಡಾವಣೆ ವಾಪಸ್, ಶಾಂಘೈ ಮತ್ತು ಅಮೋಯ್ ಸೆಟ್ಲ್‌ಮೆಂಟ್‌ಗಳು ವಾಪಸ್, ನದಿ ಮತ್ತು ಕರಾವಳಿ ಹಡಗು ಸಂಚಾರದ ವಿಶೇಷ ಹಕ್ಕು ಹೋಯ್ತು. ಬ್ರಿಟಿಷರು ಇವೆಲ್ಲದರ ಜೊತೆಗೆ ಚೀನೀ ಕಸ್ಟಮ್ಸ್‌ನ ಮುಖ್ಯಸ್ಥ ಬ್ರಿಟಿಷನೇ ಆಗಿರ್ಬೇಕು ಅನ್ನೋ ಹಳೇ ಹಕ್ಕನ್ನೂ ಬಿಟ್ರು. ತಮಾಷೆ ಏನಂದ್ರೆ ಕೊನೆಗೆ ಆ ಕುರ್ಚಿಗೆ ಖಾಯಂ ಆಗಿ ಬಂದವರು ಲೆಸ್ಟರ್ ಲಿಟಲ್, ಅಮೆರಿಕದವರು.

ಬ್ರಿಟಿಷ್ ಒಪ್ಪಂದ ಸಿಕ್ಕಿಹಾಕ್ಕೊಂಡಿದ್ದು ಕೌಲೂನ್‌ನಲ್ಲಿ. ಹಾಂಗ್ ಕಾಂಗ್ ಅನ್ನೋದು ಮೂರು ತುಂಡು ಅಂತ ನೆನಪಿಟ್ಕೊಳ್ಳಿ, ದ್ವೀಪ ಮತ್ತು ಕೌಲೂನ್ ತುದಿ ಬ್ರಿಟನ್‌ಗೆ ಶಾಶ್ವತವಾಗಿ ಬರ್ಕೊಟ್ಟದ್ದು, ಅದರ ಹಿಂದಿನ ದೊಡ್ಡ ಪ್ರದೇಶ, ನ್ಯೂ ಟೆರಿಟರೀಸ್, 1898ರಲ್ಲಿ 99 ವರ್ಷಕ್ಕೆ ಗುತ್ತಿಗೆ. ಚಿಯಾಂಗ್ ಕೇಳಿದ್ದು ಈ ಗುತ್ತಿಗೆ ತುಂಡನ್ನ. ಗುತ್ತಿಗೆ ಭೂಮಿಯೂ ಬಲವಂತವಾಗಿ ಹೇರಿದ ಅಸಮಾನ ಒಪ್ಪಂದಗಳ ಕೂಸೇ, ಅದನ್ನೂ ಸೇರಿಸಿ ಅಂದ್ರು. ಬ್ರಿಟಿಷರ ವಾದ, ಕೋರ್ಟಿನ ವಿಷಯ ಬೇರೆ ಭೂಮಿ ವಿಷಯ ಬೇರೆ, ಬೇಕಾದ್ರೆ ಗೆದ್ದ ಮೇಲೆ ಮಾತಾಡೋಣ. ಗಮನಿಸಿ, ಆ ಹೊತ್ತಲ್ಲಿ ಹಾಂಗ್ ಕಾಂಗ್ ಕೂಡ ಜಪಾನ್ ಕೈಲೇ ಇತ್ತು, ಶಾಂಘೈ ಥರಾನೇ. ಆದ್ರೆ ಶಾಂಘೈಗೆ ವಾಪಸ್ ಹೋಗಿ ಹಳೇ ಥರ ಆಳೋಕಾಗಲ್ಲ ಅಂತ ಬ್ರಿಟಿಷರಿಗೆ ಗೊತ್ತಿತ್ತು, ಹಾಂಗ್ ಕಾಂಗ್‌ಗೆ ಹೋಗ್ಬಹುದು, ಹೋಗ್ಲೇಬೇಕು ಅನ್ನೋ ಲೆಕ್ಕ ಇತ್ತು. ಸಾಮ್ರಾಜ್ಯದ ಅಂಗಡಿ ಮುಚ್ಚಿಸೋಕೆ ನಾನು ಪ್ರಧಾನಿ ಆಗಿಲ್ಲ ಅನ್ನೋ ಅರ್ಥದ ಮಾತನ್ನ ಚರ್ಚಿಲ್ ಆಡಿದ್ದು ಕೂಡ 1942ರ ನವೆಂಬರ್ 10ಕ್ಕೆ, ಈ ಮಾತುಕತೆ ನಡೀತಿದ್ದಾಗ್ಲೇ.

ಡಿಸೆಂಬರ್ ಕೊನೆವರೆಗೂ ಜಗ್ಗಾಟ. ಕೌಲೂನ್ ಇಲ್ಲದಿದ್ರೆ ಸಹಿ ಇಲ್ಲ ಅಂತ ಚಿಯಾಂಗ್ ಪಟ್ಟು. ವಿದೇಶಾಂಗ ಮಂತ್ರಿ ಟಿ.ವಿ. ಸುಂಗ್, ಲಂಡನ್ ರಾಯಭಾರಿ ವೆಲ್ಲಿಂಗ್ಟನ್ ಕೂ ಇಬ್ರೂ ಸಮಾಧಾನ ಹೇಳಿದ್ರು. ಕೂ ಯಾರು ಅಂದ್ರೆ 1919ರ ಪ್ಯಾರಿಸ್ ಸಮ್ಮೇಳನದಲ್ಲಿ ಚೀನಾ ಪರ ವಾದಿಸಿ, ಚೀನಾದ ಶಾಂಡೊಂಗ್ ಪ್ರಾಂತ್ಯದಲ್ಲಿದ್ದ ಜರ್ಮನಿಯ ಹಕ್ಕುಗಳನ್ನ ಜಪಾನಿಗೆ ಕೊಟ್ಟದ್ದಕ್ಕೆ ವರ್ಸೈಲ್ಸ್ ಒಪ್ಪಂದಕ್ಕೆ ಸಹಿ ಹಾಕದೇ ಬಂದ ನಿಯೋಗದವರು, ಅಂಥವರೇ ಈಗ ಸಹಿ ಹಾಕೋಣ ಅಂದ್ರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನೋ ದಾರಿ ಹುಡುಕಿದ್ರು: ಒಪ್ಪಂದದಲ್ಲಿ ಕೌಲೂನ್ ಹೆಸರೇ ಬೇಡ, ಸಹಿಯ ದಿನವೇ ಬೇರೆ ಪತ್ರ ಕೊಟ್ಟು ಈ ವಿಷಯ ಮುಂದೆ ಎತ್ತೋ ಹಕ್ಕು ನಮಗಿದೆ ಅಂತ ದಾಖಲಿಸೋಣ. ಚಿಯಾಂಗ್ ಮನಸ್ಸಿಲ್ಲದ ಮನಸ್ಸಿಂದ ಒಪ್ಪಿದ್ರು. ನನ್ನ ಅಭಿಪ್ರಾಯ ಕೇಳಿದ್ರೆ ಅವರು ಮಾಡಿದ್ದು ಸರಿ, ಯಾಕಂದ್ರೆ ಅಮೆರಿಕ ಈ ವಿಷಯದಲ್ಲಿ ಬೆನ್ನಿಗೆ ನಿಲ್ತಿರ್ಲಿಲ್ಲ, ಹಠ ಹಿಡಿದಿದ್ರೆ ಎರಡೂ ಹೋಗ್ತಿತ್ತು.

ಈ ಜಗ್ಗಾಟದಲ್ಲಿ ದಿನ ಹೋಯ್ತು, ಆ ಸಂದಿಯಲ್ಲಿ ಜಪಾನ್ ನುಗ್ತು. 1943ರ ಜನವರಿ 9ಕ್ಕೆ, ಅಂದ್ರೆ ಅಮೆರಿಕ, ಬ್ರಿಟನ್ ಸಹಿ ಹಾಕೋಕೆ ಎರಡೇ ದಿನ ಮುಂಚೆ, ನಾನ್‌ಕಿಂಗ್‌ನಲ್ಲಿದ್ದ ತನ್ನ ಕೈಗೊಂಬೆ ವಾಂಗ್ ಜಿಂಗ್‌ವೇಯ್ ಸರ್ಕಾರದ ಜೊತೆ ಜಪಾನ್ ಸಹಿ ಹಾಕ್ತು, ಎಕ್ಸ್‌ಟ್ರಾಲಿಟಿ ರದ್ದು, ಸೆಟ್ಲ್‌ಮೆಂಟ್‌ಗಳೆಲ್ಲ ಚೀನಾಕ್ಕೆ ವಾಪಸ್ ಅಂತ, ಅವತ್ತೇ ವಾಂಗ್ ಅಮೆರಿಕ ಬ್ರಿಟನ್ ಮೇಲೆ ಯುದ್ಧ ಸಾರಿದ. ಯಾರದ್ದೋ ದುಡ್ಡು ಎಲ್ಲಮ್ಮನ ಜಾತ್ರೆ. ಬ್ರಿಟಿಷರು ಅಮೆರಿಕನ್ನರು ಕಟ್ಟಿದ ಸೆಟ್ಲ್‌ಮೆಂಟನ್ನ ಜಪಾನ್ ದಾನ ಮಾಡಿ ಹೆಸರು ತಗೊಳ್ತು. ಯುದ್ಧಕಾಲದ ರಾಜಧಾನಿ ಚುಂಗ್‌ಕಿಂಗ್‌ನಲ್ಲಿ ಚಿಯಾಂಗ್ ಕೆಂಡಾಮಂಡಲ. ನಮ್ಮ ಪಠ್ಯಗಳಲ್ಲಿ ಈ ಜನವರಿ 9 ಕಾಣೋದೇ ಅಪರೂಪ, ಆದ್ರೆ ಅದಿಲ್ಲದೆ ಜನವರಿ 11 ಅರ್ಥ ಆಗಲ್ಲ, ಯಾಕಂದ್ರೆ ಯುದ್ಧದ ಎರಡೂ ಬಣ ಒಂದೇ ವಸ್ತುವನ್ನ ಚೀನೀ ಜನರಿಗೆ ಕೊಡೋಕೆ ಪೈಪೋಟಿಗೆ ಇಳಿದಿದ್ವು.

ಜನವರಿ 11ಕ್ಕೆ ವಾಷಿಂಗ್ಟನ್‌ನಲ್ಲಿ ಹಲ್ ಮತ್ತು ಚೀನೀ ರಾಯಭಾರಿ ವೇಯ್ ಡಾವೊಮಿಂಗ್ ಸಹಿ ಹಾಕಿದ್ರು, ಚುಂಗ್‌ಕಿಂಗ್‌ನಲ್ಲಿ ಬ್ರಿಟಿಷ್ ರಾಯಭಾರಿ ಹೊರೇಸ್ ಸೀಮರ್ ಮತ್ತು ಸುಂಗ್. ಚುಂಗ್‌ಕಿಂಗ್ ಕಾಗದದ ಮೇಲೆ ಮೂರನೇ ಸಹಿಯೊಂದಿದೆ, ಹ್ಯೂ ರಿಚರ್ಡ್‌ಸನ್ ಅಂತ, ಭಾರತದ ಪರವಾಗಿ. ಹೌದು, ಒಪ್ಪಂದ ಯುನೈಟೆಡ್ ಕಿಂಗ್‌ಡಮ್ ಮತ್ತು ಇಂಡಿಯಾ ಎರಡರ ಹೆಸರಲ್ಲೂ ಆಗಿತ್ತು, ಯಾಕಂದ್ರೆ ಶಾಂಘೈನ ಸಿಖ್ ಪೇದೆಗಳು, ಪಾರ್ಸಿ, ಸಿಂಧಿ ವ್ಯಾಪಾರಿಗಳು ಎಲ್ರೂ ಬ್ರಿಟಿಷ್ ಪ್ರಜೆಗಳು ಅನ್ನೋ ಲೆಕ್ಕದಲ್ಲಿ ಅದೇ ವಿನಾಯಿತಿ ಅನುಭವಿಸ್ತಿದ್ರು. ಆ ದಿನ ನೆಹರೂ ಅಹಮದ್‌ನಗರ ಕೋಟೆಯಲ್ಲಿ, ಗಾಂಧೀಜಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂದಿ. ಸ್ವಂತ ಮನೆಯಲ್ಲಿ ಹಕ್ಕಿಲ್ಲದ ಭಾರತ ಚೀನಾದಲ್ಲಿದ್ದ ಹಕ್ಕನ್ನ ಒಬ್ಬ ಬ್ರಿಟಿಷ್ ಅಧಿಕಾರಿಯ ಕೈಯಿಂದ ಬಿಟ್ಟುಕೊಡ್ತು.

ಎರಡೂ ಒಪ್ಪಂದ ಜಾರಿಗೆ ಬಂದದ್ದು 1943ರ ಮೇ 20ಕ್ಕೆ. ಮಾರನೇ ದಿನ, ಮೇ 21ಕ್ಕೆ, ಚುಂಗ್‌ಕಿಂಗ್‌ನಲ್ಲಿ ಇನ್ನೊಂದು ಪತ್ರ ವಿನಿಮಯ ಆಯ್ತು: ಚೀನಾದಲ್ಲಿರೋ ಅಮೆರಿಕನ್ ಸೈನಿಕರು ಅಪರಾಧ ಮಾಡಿದ್ರೆ ವಿಚಾರಣೆ ಅಮೆರಿಕದ ಮಿಲಿಟರಿ ಕೋರ್ಟಲ್ಲೇ, ಯುದ್ಧ ಮುಗಿದು ಆರು ತಿಂಗಳವರೆಗೆ. ಒಂದೇ ದಿನದ ಅಂತರ! ಇದನ್ನ ನೋಡಿ ಎಲ್ಲಾ ನಾಟಕ ಅಂತ ಬರೆಯೋರಿದ್ದಾರೆ, ನಾನು ಅಷ್ಟು ದೂರ ಹೋಗಲ್ಲ, ಯಾಕಂದ್ರೆ 1942ರಲ್ಲಿ ಬ್ರಿಟನ್ ತನ್ನ ನೆಲದಲ್ಲೇ ಅಮೆರಿಕನ್ ಸೈನಿಕರಿಗೆ ಕಾನೂನು ಮಾಡಿ ಇದೇ ಸವಲತ್ತು ಕೊಟ್ಟಿತ್ತು, ಅದು ಯುದ್ಧಕಾಲದ ಸೈನ್ಯದ ವಿಷಯ, ವ್ಯಾಪಾರಿಗಳಿಗೂ ಪಾದ್ರಿಗಳಿಗೂ ಕಾಯಂ ವಿನಾಯಿತಿ ಅಲ್ಲ. ಆದ್ರೆ ಬೀದಿಯಲ್ಲಿದ್ದ ಚೀನೀಯನಿಗೆ ಈ ವ್ಯತ್ಯಾಸ ಕಾಣ್ತಿತ್ತಾ? 1946ರ ಡಿಸೆಂಬರ್‌ನಲ್ಲಿ ಪೀಕಿಂಗ್‌ನಲ್ಲಿ ಒಬ್ಬ ವಿದ್ಯಾರ್ಥಿನಿಯ ಮೇಲೆ ಅಮೆರಿಕನ್ ನೌಕಾದಳದ ಸೈನಿಕ ಅತ್ಯಾಚಾರ ಮಾಡಿದ, ಅಮೆರಿಕದ ಮಿಲಿಟರಿ ಕೋರ್ಟು ಶಿಕ್ಷೆ ಕೊಟ್ರೂ ಅದನ್ನ ಆಮೇಲೆ ವಾಷಿಂಗ್ಟನ್‌ನಲ್ಲಿ ರದ್ದು ಮಾಡಿದ್ರು, ಇಡೀ ಚೀನಾದಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದ್ರು, ಚಿಯಾಂಗ್ ಸರ್ಕಾರದ ಮರ್ಯಾದೆ ಹೋದದ್ದರಲ್ಲಿ ಆ ಪ್ರಕರಣದ ಪಾಲು ದೊಡ್ಡದು.

ಹಾಗಾದ್ರೆ ಗೆಲುವಾ ಅಲ್ವಾ ಅಂದ್ರೆ, ಗೆಲುವೇ ಅಂತೀನಿ, ಸಮಯ ಹಿಡಿದದ್ದು ಅವರ ಜಾಣತನ. ಕಾಗದದ ಮೇಲಿನ ಹಕ್ಕು ಅಂದೆ ನಿಜ, ಆದ್ರೆ ಆ ಕಾಗದ ಹರಿಯದೇ ಇದ್ದಿದ್ರೆ 1945ರಲ್ಲಿ ಜಪಾನ್ ಸೋತ ಮಾರನೇ ದಿನ ಬ್ರಿಟಿಷರು ಶಾಂಘೈಗೆ ಬಂದು ಹಳೇ ಕೋರ್ಟಿನ ಬಾಗಿಲು ತೆಗೀತಿದ್ರು. ಹಾಂಗ್ ಕಾಂಗ್‌ನಲ್ಲಿ ಹಾಗೇ ಆಯ್ತಲ್ಲ, 1945ರ ಆಗಸ್ಟ್ 30ಕ್ಕೆ ಬ್ರಿಟಿಷ್ ಅಡ್ಮಿರಲ್ ಹಾರ್ಕೋರ್ಟ್ ಹಡಗುಗಳ ಜೊತೆ ಬಂದಿಳಿದ್ರು, ಚಿಯಾಂಗ್‌ಗೆ ಆಗ ಒಳಗೆ ಕಮ್ಯುನಿಸ್ಟರ ಜೊತೆ ತಲೆನೋವು, ಸುಂಗ್ ಕೊಟ್ಟಿದ್ದ ಆ ಪತ್ರ ಕಡತದಲ್ಲೇ ಉಳೀತು, ಗುತ್ತಿಗೆಯ 99 ವರ್ಷ ಮುಗಿಯೋ ತನಕ, 1997ರವರೆಗೆ ಕಾಯ್ಬೇಕಾಯ್ತು. ಇನ್ನೊಂದು ಲಾಭ, ದೊಡ್ಡವರು ಬಿಟ್ಟ ಮೇಲೆ ಉಳಿದವರಿಗೆ ನಿಲ್ಲೋಕೆ ನೆಲವೇ ಇರ್ಲಿಲ್ಲ. ಬೆಲ್ಜಿಯಂ, ನಾರ್ವೆ 1943ರಲ್ಲೇ, ಕೆನಡಾ 1944, ಸ್ವೀಡನ್, ನೆದರ್‌ಲೆಂಡ್ಸ್ 1945, ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಡೆನ್ಮಾರ್ಕ್ 1946, ಕೊನೆಗೆ ಪೋರ್ಚುಗಲ್ 1947. ಅಮೆರಿಕ 1943ರ ಡಿಸೆಂಬರ್‌ನಲ್ಲಿ ಚೀನೀಯರು ತನ್ನ ದೇಶಕ್ಕೆ ಬರಬಾರದು ಅನ್ನೋ 1882ರ ಕಾನೂನನ್ನೂ ತೆಗೆದುಹಾಕ್ತು, ವರ್ಷಕ್ಕೆ 105 ಜನಕ್ಕೆ ಅವಕಾಶ ಕೊಡ್ತು. 105. ಸಾವಿರ ಅಲ್ಲ, ಲಕ್ಷ ಅಲ್ಲ.

ಥೀಸಿಸ್‌ಗೆ ಇದನ್ನೇನಾದ್ರೂ ತಗೊಳ್ಳೋದಿದ್ರೆ 1943ರ ಅಮೆರಿಕ ಒಪ್ಪಂದದ ಏಳನೇ ವಿಧಿ ನೋಡಿ. ಯುದ್ಧ ಮುಗಿದು ಆರು ತಿಂಗಳೊಳಗೆ ವ್ಯಾಪಾರ, ಸಂಚಾರದ ಬಗ್ಗೆ ಪೂರ್ತಿ ಹೊಸ ಒಪ್ಪಂದಕ್ಕೆ ಮಾತುಕತೆ ಅಂತ ಅಲ್ಲಿದೆ. ಅದರ ಪ್ರಕಾರ ಬಂದದ್ದು 1946ರ ನವೆಂಬರ್ 4ರ ಅಮೆರಿಕ-ಚೀನಾ ಒಪ್ಪಂದ, ಎರಡೂ ದೇಶದ ಪ್ರಜೆಗಳಿಗೆ ಇನ್ನೊಂದು ದೇಶದಲ್ಲಿ ಒಂದೇ ಥರದ ಹಕ್ಕು, ಓದೋಕೆ ಪಕ್ಕಾ ಸಮಾನ. ಚೀನಾದ ವ್ಯಾಪಾರಿಗಳು, ಪತ್ರಿಕೆಗಳು, ಕಮ್ಯುನಿಸ್ಟರು ಎಲ್ರೂ ಅದನ್ನ ಹೊಸ ಅಸಮಾನ ಒಪ್ಪಂದ ಅಂತ ಬೈದ್ರು, ಯಾಕಂದ್ರೆ ಅಮೆರಿಕದ ಹಡಗು, ಸರಕು ಶಾಂಘೈ ಬಂದರು ತುಂಬಿದ್ವು, ಅದೇ ಹಕ್ಕು ಹಿಡ್ಕೊಂಡು ಅಮೆರಿಕದ ಬಂದರಿಗೆ ಹೋಗೋಕೆ ಎಂಟು ವರ್ಷ ಯುದ್ಧ ಮಾಡಿ ಬಂದ ಚೀನಾದ ಹತ್ರ ಹಡಗೆಲ್ಲಿತ್ತು?